ಹಾವಿನ ಚರ್ಮದಾಗ ತೊಂದ್ರಿ ಕಂಡ್ರ ಮುಲಾಮು ಹುಡುಕೋಕ್ಕಿಂತ ಮೊದಲ ಡಬ್ಬಿ ನೋಡ್ರಿ

ಸಾಕಿದ ಹಾವಿನ ಮೈಮ್ಯಾಲ ಏನರ ಹೊಸಾದು ಕಂಡ್ರ, ಪೊರಿ ಹರಕು ಹರಕಾಗಿ ಅಂಟಗೊಂಡಿರಬಹುದು, ಹೊಟ್ಟಿ ಕೆಂಪಾಗಿರಬಹುದು, ಕರೇ ಚುಕ್ಕಿ ಓಡ್ಯಾಡತಿರಬಹುದು, ಎಲ್ಲಾರೂ ಮೊದಲ ಕೇಳೋದು "ಯಾವ ಕ್ರೀಮ್ ಹಚ್ಚಬೇಕ್ರಿ" ಅಂತ. ಕ್ರೀಮಿನ ಮಾತು ಆಮ್ಯಾಲ. ಹಾವಿನ ಚರ್ಮದ ತೊಂದ್ರಿ ಹೆಚ್ಚಿನವು ಅದನ್ನ ಇಟ್ಟ ಡಬ್ಬಿಯಿಂದನ ಶುರು ಆಗ್ತಾವು, ಅಲ್ಲಿನ ಬಿಸಿ, ಅಲ್ಲಿನ ತೇವ, ಅಲ್ಲಿನ ಹೊಲಸು ಹಂಗ ಬಿಟ್ಟು ಮೈಗೆ ಎಷ್ಟ ಔಷಧ ಹಚ್ಚಿದ್ರೂ ಹದಿನೈದ ದಿನಕ್ಕ ಹೊಳ್ಳಿ ಬರತೈತಿ.

ನಮ್ಮ ಕಡೆ ಈ ಮಾತು ಇನ್ನೂ ಹೆಚ್ಚು ಖರೆ. ವಿಜಯಪುರದಾಗ ಮಾರ್ಚ್ ಏಪ್ರಿಲ್ ಮಧ್ಯಾಹ್ನ ಹವಾದಾಗಿನ ತೇವಾಂಶ 30 ಪರ್ಸೆಂಟ್ ಕೆಳಗ ಇಳಿಯೋದು ಮಾಮೂಲಿ, ಬಾಗಲಕೋಟಿ ಕಡೆನೂ ಹಂಗ, ಆದ್ರ ಬಾಲ್ ಪೈಥಾನಿಗೆ (ಮನಿಯಾಗ ಸಾಕೋ ಆಫ್ರಿಕಾದ ಸಣ್ಣ ಹೆಬ್ಬಾವು) ಬೇಕಾಗಿದ್ದು 55ರಿಂದ 65 ಪರ್ಸೆಂಟ್, ಪೊರಿ ಬಿಡೋ ಟೈಮಿಗೆ ಇನ್ನೂ ಸ್ವಲ್ಪ ಜಾಸ್ತಿ. ಅದೇ ಆಷಾಢ ಶ್ರಾವಣದಾಗ ಬೆಳಗಾವಿ ಖಾನಾಪುರ ಕಡೆ ಹೋದ್ರ ಗ್ವಾಡಿನ ಬೆವರತಿರತಾವು, ಹಾಕಿದ ಬಟ್ಟಿ ಮೂರ ದಿನ ಒಣಗಂಗಿಲ್ಲ. ಹಿಂಗಾಗಿ ಒಂದ ಜಾತಿ ಹಾವು, ಒಂದ ಕಂಪನಿ ಡಬ್ಬಿ, ಆದ್ರ ವಿಜಯಪುರದಾಗ ಪೊರಿ ಅಂಟಗೊಳ್ಳೋ ಕಂಪ್ಲೇಂಟು, ಬೆಳಗಾವಿಯೊಳಗ ಹೊಟ್ಟಿ ಕೊಳಿಯೋ ಕಂಪ್ಲೇಂಟು. ಅಮೆರಿಕದವ್ರು ವಿಡಿಯೋದಾಗ "ದಿನಾ ಎರಡ ಸಲ ನೀರು ಸ್ಪ್ರೇ ಮಾಡ್ರಿ" ಅಂದ್ರು ಅಂತ ಹಂಗ ಮಾಡಿದ್ರ ಒಂದ ಊರಾಗ ಅದು ಸಾಲಂಗಿಲ್ಲ, ಇನ್ನೊಂದ ಊರಾಗ ಅದ ರೋಗಕ್ಕ ಕಾರಣ ಆಗತೈತಿ.

ಇಲ್ಲಿ ಕೊಟ್ಟಿರೋ ಅಂಕಿ ಎಲ್ಲಾ ಬಾಲ್ ಪೈಥಾನಿಂದು, ಯಾಕಂದ್ರ ನಮ್ಮ ಕಡೆ ಕಾಣೋದು ಹೆಚ್ಚಾಗಿ ಅದ. ಕಾರ್ನ್ ಸ್ನೇಕ್ ಅನ್ನೋ ಇನ್ನೊಂದ ಸಾಕೋ ಹಾವು ಇದ್ರ ತೇವ 40ರಿಂದ 50 ಸಾಕು, ಬಿಸಿ ಜಾಗ 29ರಿಂದ 31 ಡಿಗ್ರಿ ಸಾಕು, ಉಳಿದ ವಿಚಾರ ಎರಡಕ್ಕೂ ಒಂದ.

ಹಾವು ಮುಟ್ಟೋಕ್ಕಿಂತ ಮೊದಲ ನೋಡಬೇಕಾದ್ದು

ಬಿಸಿ ಜಾಗದಾಗ ಎಷ್ಟ ಡಿಗ್ರಿ, ತಂಪು ಜಾಗದಾಗ ಎಷ್ಟ, ತೇವ ಎಷ್ಟ, ಹಿಂದಿನ ಪೊರಿ ಯಾವಾಗ ಬಿಟ್ಟಿತ್ತು, ಒಂದ ತುಂಡಾಗಿ ಬಂದಿತ್ತೋ ಇಲ್ಲೋ, ಕಡೀಕ ಯಾವಾಗ ತಿಂದಿತ್ತು, ಇತ್ತೀಚೆ ಹೊಸ ಹಾವು, ಹೊಸ ಕಟಗಿ, ಹೊಸ ಮಣ್ಣು ಏನರ ತಂದೀರೇನು. ಇಷ್ಟಕ್ಕ ಉತ್ತರ ಇದ್ರ ಅರ್ಧ ದೋಷ ಅಲ್ಲೇ ಸಿಕ್ಕಂಗ. ಬಿಸಿ ಜಾಗ 31ರಿಂದ 33 ಡಿಗ್ರಿ, ತಂಪು ಜಾಗ 25ರಿಂದ 27 ಇರಬೇಕು, ರಾತ್ರಿ 24ರ ಕೆಳಗ ಹೋಗಬಾರದು. ಸಂಕ್ರಾಂತಿ ಸುತ್ತ ನಮ್ಮ ಕಡೆ ರಾತ್ರಿ ಥಂಡಿ ಜೋರ ಇರತೈತಿ, ಹಗಲ ಬಿಸಲ ನೋಡಿ ಹೀಟರ್ ಬಂದ್ ಮಾಡಿ ಮಲಗೋರಿದ್ದೀರಿ, ಆ ಚಟ ಬಿಡ್ರಿ.

ಮುಳ್ಳು ಇರೋ ದುಂಡನ ಮೀಟರ್ ಗಾಜಿಗೆ ಅಂಟಿಸಿ ಅದನ್ನ ನಂಬಬ್ಯಾಡ್ರಿ, ಅದು ಗಾಜಿನ ಹತ್ರದ ಹವಾ ತೋರಿಸತೈತಿ, ಹಾವು ಇರೋದು ನೆಲದ ಮ್ಯಾಲ. ವಯರ್ ಇರೋ ಡಿಜಿಟಲ್ ಮೀಟರ್ ತಗೊಂಡು ಅದರ ತುದಿ ನೆಲಕ್ಕ ಇಡ್ರಿ. ಅದೂ ಖರೆ ಹೇಳತೈತೋ ಇಲ್ಲೋ ಅಂತ ಮನಿಯೊಳಗ ಚೆಕ್ ಮಾಡಬಹುದು: ಬಾಟ್ಲಿ ಮುಚ್ಚಳದಾಗ ಅಡಗಿ ಉಪ್ಪು ಹಾಕಿ, ಹಸಿ ಆಗೋವಷ್ಟ ನಾಕ ಹನಿ ನೀರು ಬಿಟ್ಟು, ಆ ಮುಚ್ಚಳ ಮತ್ತ ಮೀಟರ್ ಎರಡನ್ನೂ ಜಿಪ್ ಇರೋ ಪ್ಲಾಸ್ಟಿಕ್ ಚೀಲದಾಗ ಗಾಳಿ ಹೋಗದಂಗ ಬಂದ್ ಮಾಡಿ ಒಂದ ರಾತ್ರಿ ಬಿಡ್ರಿ, ಮುಂಜಾನಿ 75 ಪರ್ಸೆಂಟ್ ತೋರಿಸಬೇಕು. 68 ತೋರಿಸಿದ್ರ ನಿಮ್ಮ ಮೀಟರ್ 7 ಕಡಿಮಿ ಓದತೈತಿ ಅಂತ ಅರ್ಥ, ಅಷ್ಟ ಕೂಡಿಸಿ ಲೆಕ್ಕ ಹಾಕ್ರಿ. ಈ ಒಂದ ರಾತ್ರಿ ಕೆಲಸ ಮಾಡದ ಯಾವ ನಿರ್ಧಾರಕ್ಕೂ ಬರಬ್ಯಾಡ್ರಿ, ನಾ ಇದನ್ನ ಭಾಳ ಗಟ್ಟಿಯಾಗಿ ಹೇಳ್ತೀನಿ.

ದೋಷ ಅಂತ ಕಂಡ್ರೂ ದೋಷ ಅಲ್ಲದ್ದು

ಹೊಟ್ಟಿ ಎಲ್ಲಾ ಕಡೆ ಒಂದ ಸಮ ತಿಳಿ ಗುಲಾಬಿ ಆಗೈತಿ, ಮೈ ಬಣ್ಣ ಮಸಕಾಗೈತಿ, ಎರಡ ಮೂರ ದಿನದಾಗ ಕಣ್ಣಿಗೆ ನೀಲಿ ಹಾಲು ಬಣ್ಣ ಬಂತು ಅಂದ್ರ ಅದು ಪೊರಿ ಬಿಡೋ ತಯಾರಿ ನಡಸೈತಿ. ಕಣ್ಣು ಹೊಳ್ಳಿ ತಿಳಿ ಆಗಿ ಮೂರರಿಂದ ಐದ ದಿನಕ್ಕ ಪೊರಿ ಬೀಳತೈತಿ. ಈ ಟೈಮಿನ್ಯಾಗ ಊಟ ಬ್ಯಾಡ ಅನ್ನಬಹುದು, ಸಿಟ್ಟ ಮಾಡಬಹುದು, ಎತ್ತಬ್ಯಾಡ್ರಿ. ಬಿಳಿ ಮತ್ತ ಹಳದಿ ಬಣ್ಣದ ಹಾವಿನ್ಯಾಗ ಈ ಗುಲಾಬಿ ಇನ್ನೂ ಜಾಸ್ತಿ ಎದ್ದ ಕಾಣತೈತಿ, ಅಂಜಬ್ಯಾಡ್ರಿ. ಮರಿ ಹಾವಿನ ಹೊಟ್ಟಿ ಮ್ಯಾಲ, ಬಾಲದ ಕಡೆ ಹೊಂಟಾಗ, ಸಣ್ಣ ಗೆರಿಯಂಥ ಗುರ್ತು ಕಂಡ್ರ ಅದು ಹೊಕ್ಕಳ. ಮಲದ್ವಾರದ ಎರಡೂ ಬಾಜೂಕ ಮುಳ್ಳಿನಂಥ ಸಣ್ಣ ಉಗುರು ಇದ್ರ ಅದು ಪೈಥಾನಿಗೆ ಹುಟ್ಟಿನಿಂದ ಬಂದಿದ್ದು, ಕೀಳಾಕ ಹೋಗಬ್ಯಾಡ್ರಿ. ದೊಡ್ಡ ಇಲಿ ನುಂಗಿದ ಮ್ಯಾಲ ಚರ್ಮ ಎಳದು ಹುರುಪಿ ನಡುವ ಬಿಳಿ ಚರ್ಮ ಕಾಣೋದೂ ಸಹಜ.

ಪೊರಿ ಹರಕಾಗಿ ಬಂದ್ರ, ಅಥವಾ ಮೈಗೆ ಅಂಟಗೊಂಡ್ರ

ವಿಜಯಪುರ ಬಾಗಲಕೋಟಿಯೊಳಗ ಇದ ಮೊದಲನೇ ನಂಬರ್ ತೊಂದ್ರಿ, ಹೋಳಿ ಹುಣ್ಣಿವಿಯಿಂದ ಹಿಡದು ಮೃಗಶಿರಾ ಮಳಿ ಬೀಳೋತನಕ ಇದ ಕಥಿ. ಆರೋಗ್ಯ ಇರೋ ಹಾವು ತುಟಿ ಹತ್ರ ಪೊರಿ ಬಿಚ್ಚಿ, ಒಳಗಿಂದು ಹೊರಗಾಗಿ, ತಲಿಯಿಂದ ಬಾಲದತನಕ ಒಂದ ತುಂಡಾಗಿ ಬಿಡತೈತಿ. ಹಳೇ ಚರ್ಮ ಮತ್ತ ಹೊಸ ಚರ್ಮದ ನಡುವ ಒಂದ ತೆಳು ದ್ರವ ತುಂಬತೈತಿ, ಅದರಿಂದನ ಅವೆರಡೂ ಬಿಡತಾವು, ಮೈಯಾಗ ನೀರು ಕಡಿಮಿ ಇದ್ದಾಗ ಅಥವಾ ಡಬ್ಬಿ ಹವಾ ಒಣಗಿದಾಗ ಆ ದ್ರವ ಸಾಲಂಗಿಲ್ಲ, ಪೊರಿ ಅಲ್ಲಲ್ಲೇ ಒಣಗಿ ಹರಿತೈತಿ.

ಆದ್ರ ತೇವ ಒಂದ ಕಾರಣ ಅಂತ ತಿಳಕೊಂಡು ಕೂಡಬ್ಯಾಡ್ರಿ. ನಿಮ್ಮ ಮೀಟರ್ 60 ತೋರಿಸಿದ್ರೂ ಪೊರಿ ಹರಕಾದ್ರ ಮುಂದ ನೋಡಬೇಕಾದ್ದು ಮೈಟ್ಸ್ (ರಕ್ತ ಹೀರೋ ಸಣ್ಣ ನುಸಿ), ಆಮ್ಯಾಲ ಹಳೇ ಸುಟ್ಟ ಗಾಯ, ಯಾಕಂದ್ರ ಕಲೆ ಬಿದ್ದ ಜಾಗದಾಗ ಪೊರಿ ಪ್ರತಿ ಸಲ ಅಲ್ಲೇ ಅಂಟತೈತಿ, ಆಮ್ಯಾಲ ಊಟ ಸರಿ ಇಲ್ಲದ್ದು, ಆಮ್ಯಾಲ ಮೈ ತಿಕ್ಕಾಕ ಒರಟ ಸಾಮಾನು ಇಲ್ಲದ್ದು. ಬರೇ ಪ್ಲಾಸ್ಟಿಕ್ ಡಬ್ಬಿಯೊಳಗ ನುಣುಪು ಬಟ್ಟಲ ಅಷ್ಟ ಇಟ್ಟಿದ್ರ ಹಾವು ಪೊರಿ ಎಲ್ಲಿ ಸಿಗಿಸಿ ಎಳಕೋಬೇಕು ಹೇಳ್ರಿ, ಒಂದ ಕಲ್ಲು ಇಲ್ಲಾ ಒರಟ ಕಟಗಿ ಇಡ್ರಿ. ಚರ್ಮ ಎತ್ತಿ ಬಿಟ್ರ ನೆರಿಗಿ ಬಿದ್ದು ಹಂಗ ನಿಂತ್ರ ಮೈಯಾಗ ನೀರಿಲ್ಲ ಅಂತ ಅರ್ಥ.

ಈಗ ಅಂಟಗೊಂಡಿದ್ದು ಬಿಡಿಸೋದು. ಒಂದ ಮುಚ್ಚಳದ ಡಬ್ಬಿಗೆ ಗಾಳಿ ತೂತು ಹಾಕಿ, 28ರಿಂದ 30 ಡಿಗ್ರಿ ಇರೋ ನೀರು, ಹಾವಿನ ಮೈ ಅರ್ಧ ಮುಳುಗೋವಷ್ಟ ಅಷ್ಟ, ಅದರಾಗ ಒಂದ ಒರಟ ಟವೆಲ್ ಹಾಸಿ ಹಾವು ಬಿಟ್ಟು 20ರಿಂದ 30 ನಿಮಿಷ ಇಡ್ರಿ, ಎದ್ದ ಹೋಗಬ್ಯಾಡ್ರಿ, ಮುಂದನ ಕೂತ್ಗೋರಿ. ಕೈಗೆ ಬೆಚ್ಚಗ ಹತ್ತಿದ ನೀರು ಹಾವಿಗೆ ಸುಡೋವಷ್ಟ ಇರಬಹುದು, ಅದಕ್ಕ ಥರ್ಮಾಮೀಟರ್ ಹಾಕೇ ನೋಡ್ರಿ. ಆಮ್ಯಾಲ ಹಸಿ ಟವೆಲ್ ಕೈಯಾಗ ಸಡ್ಲ ಹಿಡದು ಹಾವು ಅದರೊಳಗಿಂದ ತಾನ ಹಾದು ಹೋಗಾಕ ಬಿಡ್ರಿ, ಬಿಡೋದು ಬಿಡತೈತಿ. ಉಳದದ್ದು ನಾಳೆ ಹೊಳ್ಳಿ. ಉಗುರು ಹಾಕಿ ಎಳಿಬ್ಯಾಡ್ರಿ, ಕೆಳಗಿನ ಹೊಸ ಚರ್ಮ ಕಿತ್ತ ಬಂತಂದ್ರ ಅಲ್ಲಿಂದನ ಸೋಂಕು ಶುರು.

ಎರಡ ಜಾಗ ಮಾತ್ರ ಪ್ರತಿ ಸಲ, ತಪ್ಪದ, ನೋಡಲೇಬೇಕು. ಒಂದು ಬಾಲದ ತುದಿ. ಬಿದ್ದ ಪೊರಿಯ ಬಾಲದ ಕಡೆ ತುದಿ ಮುಚ್ಚಿದಂಗ ಚೂಪಾಗಿ ಇರಬೇಕು, ತೆರದ ಕೊಳವಿ ಆಗಿ ಹರದಿದ್ರ ತುದಿಯ ಪೊರಿ ಬಾಲದ ಮ್ಯಾಲ ಉಳಕೊಂಡೈತಿ. ಅದು ಒಣಗಿ ಬಿಗೀತೈತಿ, ಎರಡ ಮೂರ ಪದರ ಕೂಡಿದ್ರ ರಕ್ತ ಹೋಗದಂಗ ಆಗಿ ಬಾಲದ ತುದಿ ಕರ್ರಗಾಗಿ ಸಾಯತೈತಿ. ಎರಡನೇದು ಕಣ್ಣು. ಹಾವಿಗೆ ರೆಪ್ಪಿ ಇಲ್ಲ, ಕಣ್ಣಿನ ಮ್ಯಾಲ ಪಾರದರ್ಶಕ ಹುರುಪಿ ಇರತೈತಿ, ಅದೂ ಪೊರಿ ಜೋಡಿ ಬೀಳಬೇಕು. ಬಿದ್ದ ಪೊರಿಯ ತಲಿ ಭಾಗ ಬೆಳಕಿಗೆ ಹಿಡದು ನೋಡ್ರಿ, ಎರಡೂ ಕಣ್ಣಿನ ಜಾಗದಾಗ ತಿಳಿ ದುಂಡನ ಪದರ ಇರಬೇಕು, ತೂತು ಇದ್ರ ಆ ಕಣ್ಣಿನ ಪದರ ಹಾವಿನ ಮ್ಯಾಲನ ಉಳದೈತಿ. ಕಣ್ಣು ಮಂಕಾಗಿ, ಸುಕ್ಕಾಗಿ ಕಾಣತೈತಿ.

ಕಣ್ಣಿನ ಪದರಕ್ಕ ಚಿಮಟಾ ಬ್ಯಾಡ್ರಿ, ಟೇಪ್ ಬ್ಯಾಡ್ರಿ, ಉಗುರು ಬ್ಯಾಡ್ರಿ. ವಿಡಿಯೋದಾಗ ಟೇಪ್ ಅಂಟಿಸಿ ತಗದ ತೋರಿಸ್ತಾರ, ಎಲ್ಲಿ ತಪ್ಪಿದ್ರ ಏನಾಗತೈತಿ ಅನ್ನೋದು ತೋರಿಸಂಗಿಲ್ಲ. ಕೆಳಗಿನ ಹೊಸ ಪದರನ ಕಿತ್ತ ಬಂದ್ರ ಕಣ್ಣ ಒಣಗಿ ಹೋಗತೈತಿ, ಅದು ಹೊಳ್ಳಿ ಬರಂಗಿಲ್ಲ. ಒಂದ ಪದರ ಉಳದ್ರ ಡಬ್ಬಿ ತೇವ ಸರಿ ಮಾಡಿ ಮುಂದಿನ ಪೊರಿತನಕ ಕಾಯ್ರಿ, ಹೆಚ್ಚಿನ ಸಲ ಎರಡೂ ಕೂಡಿ ಬೀಳ್ತಾವು. ಎರಡನೇ ಪೊರಿಗೂ ಬೀಳಲಿಲ್ಲ, ಅಥವಾ ಕಣ್ಣ ಉಬ್ಬೈತಿ ಅಂದ್ರ ಡಾಕ್ಟರ್ ಕೆಲಸ. ಉಬ್ಬಿದ ಕಣ್ಣು ಪೊರಿ ಉಳದದ್ದಲ್ಲ, ಹುರುಪಿ ಕೆಳಗ ಕೀವು ತುಂಬಿರಬಹುದು.

ಮೂಲ ರಿಪೇರಿ ಅಂದ್ರ ಡಬ್ಬಿಯೊಳಗ ಒಂದ ಹಸಿ ಗೂಡು. ಖಾನಾಪುರದ ಕುಂಬಾರಿಕಿ ಹೆಸರಾದದ್ದು, ಅಲ್ಲಿಂದಾಗಲಿ ನಿಮ್ಮ ಊರ ಕುಂಬಾರರ ಹತ್ರ ಆಗಲಿ ಪಾಲಿಶ್ ಇಲ್ಲದ ಮಣ್ಣಿನ ಗಡಗಿ ತಗೊಂಡು, ಬಾಜೂಕ ಬಾಗಲ ಕೊರಸಿ, ಅಂಚು ಸ್ಯಾಂಡ್ ಪೇಪರ್ ಹಚ್ಚಿ ನುಣುಪು ಮಾಡಿ, ನೀರಾಗ ತೋಯಿಸಿ, ಒಳಗ ಹಿಂಡಿದ ಸ್ಫ್ಯಾಗ್ನಮ್ ಮಾಸ್ (ನೀರು ಹಿಡದಿಡೋ ಒಣ ಪಾಚಿ) ಇಲ್ಲಾ ಗೊಬ್ಬರ ಬೆರಸದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಇಡ್ರಿ. ಹಿಂಡಿದ್ರ ನೀರು ಸೋರಬಾರದು, ಕೈಗೆ ಹಸಿ ಹತ್ತಬೇಕು ಅಷ್ಟ. ಬ್ಯಾಸಗಿಯೊಳಗ ಇದ ಗಡಗಿ ತಂಪೂ ಮಾಡತೈತಿ, ನನಗ ಗೊತ್ತಿದ್ದಂಗ ನಮ್ಮ ಬಿಸಲಿಗೆ ಇದಕ್ಕಿಂತ ಚಲೋ ಉಪಾಯ ಇಲ್ಲ. ಉಳಿದ ನೆಲ ಒಣಗೇ ಇರಲಿ, ಹಾವು ಬೇಕಾದಾಗ ತಾನ ಒಳಗ ಹೋಗತೈತಿ. ಮುಚ್ಚಳ ಪೂರ್ತಿ ಜಾಳಿಗಿ ಇದ್ರ ಮುಕ್ಕಾಲು ಭಾಗ ಪ್ಲಾಸ್ಟಿಕ್ ಹಾಳಿಯಿಂದ ಮುಚ್ಚಿರಿ. ಕೂಲರ್ ಇರೋ ರೂಮಿನ್ಯಾಗ ತೇವ ತಾನ ಏರತೈತಿ, ಎಸಿ ಇರೋ ರೂಮಿನ್ಯಾಗ ಇಳಿತೈತಿ, ಎರಡೂ ಮೀಟರಿನ್ಯಾಗ ನೋಡಿ ತಿಳಕೋರಿ. ಎರಿ ಮಣ್ಣು ಹೊಲದಿಂದ ತಂದ ಹಾಕಬ್ಯಾಡ್ರಿ, ಹಸಿ ಆದ್ರ ಮೈಗೆ ಅಂಟತೈತಿ, ಒಣಗಿದ್ರ ಬಿರಿತೈತಿ, ಜೋಡಿ ಹುಳಾನೂ ಬರ್ತಾವು.

ಕರೇ ಚುಕ್ಕಿ ಓಡ್ಯಾಡತಾವು: ಮೈಟ್ಸ್

ಹಾವು ಯಾವಾಗ್ಲೂ ಇಲ್ಲದ್ದು ಈಗ ತಾಸಗಟ್ಲೆ ನೀರಿನ ಬಟ್ಟಲದಾಗ ಕೂತೈತಿ ಅಂದ್ರ ಎರಡ ಸಂಶಯ: ಡಬ್ಬಿ ಅತಿ ಬಿಸಿ ಆಗೈತಿ, ಇಲ್ಲಾ ಮೈಟ್ಸ್ ಹತ್ಯಾವು. ಮೇ ತಿಂಗಳದಾಗ ಮೊದಲ ಬಿಸಿ ನೋಡ್ರಿ, ನಮ್ಮ ಪತ್ರಾಸ್ ಮನಿಯೊಳಗ ರೂಮ 38 ಆದ್ರ ಹೀಟ್ ಮ್ಯಾಟ್ (ಡಬ್ಬಿ ಕೆಳಗ ಹಾಕೋ ಕರೆಂಟಿನ ಬಿಸಿ ಹಾಸು) ಹಚ್ಚೋದ ತಪ್ಪು. ಬಿಸಿ ಸರಿ ಐತಿ ಅಂದ್ರ ಬಿಳಿ ಟಿಶ್ಯೂ ಹಸಿ ಮಾಡಿ ಹಾವಿನ ಮೈ ಸಾವಕಾಶ ಒರಸ್ರಿ. ಗುಂಡುಸೂಜಿ ತಲಿಕಿಂತ ಸಣ್ಣ ಕರೇ ಇಲ್ಲಾ ಕೆಂಪಗಂದು ಚುಕ್ಕಿ ಬಂದು, ಅದನ್ನ ಒತ್ತಿದ್ರ ರಕ್ತದ ಗೆರಿ ಮೂಡಿತು ಅಂದ್ರ ಅದು ಮಣ್ಣಲ್ಲ. ಕಣ್ಣಿನ ಸುತ್ತ ಗೆರಿ, ಗದ್ದದ ಕೆಳಗಿನ ಗುಳಿ, ತುಟಿ ಮ್ಯಾಲಿನ ಶಾಖದ ತೂತು, ಮಲದ್ವಾರ, ಇವು ಅವು ಅಡಗೋ ಜಾಗ. ಬಟ್ಟಲದ ತಳದಾಗ ಸತ್ತ ಬಿದ್ದ ಚುಕ್ಕಿ ಇರ್ತಾವು. ಹಾವಿನ ಮ್ಯಾಲ ಬಿಳಿ ಪುಡಿ ಉದರಿದಂಗ ಕಂಡ್ರ ಅದು ಅವುಗಳ ಹೊಲಸು. ಬೋರಿನ ನೀರು ಸ್ಪ್ರೇ ಮಾಡಿದ್ರ ಗಾಜಿಗೂ ಬಿಳಿ ಕಲೆ ಹತ್ತತೈತಿ, ಅದಕ್ಕೂ ಇದಕ್ಕೂ ಫರಕ ಏನಪಾ ಅಂದ್ರ ನೀರಿನ ಕಲೆ ಲಿಂಬಿ ಹಣ್ಣ ತಿಕ್ಕಿದ್ರ ಹೋಗತೈತಿ, ಮೈಮ್ಯಾಲ ಬರಂಗಿಲ್ಲ.

ಇದರ ಹೆಸರು ಆಫಿಯೋನಿಸಸ್ ನಾಟ್ರಿಸಿಸ್. ಹೆಣ್ಣು ನುಸಿ ಹಾವಿನ ರಕ್ತ ಕುಡದು, ಹಾವಿನ ಮ್ಯಾಲ ತತ್ತಿ ಇಡಂಗಿಲ್ಲ, ಡಬ್ಬಿಯ ಸಂದಿ ಮೂಲಿಗೆ ಹೋಗಿ ಇಡತೈತಿ, 60ರಿಂದ 80 ತತ್ತಿ. ತತ್ತಿಯಿಂದ ದೊಡ್ಡದಾಗಾಕ ಬೆಚ್ಚಗಿನ ತೇವದಾಗ 13ರಿಂದ 19 ದಿನ ಸಾಕು. ಇದೊಂದ ಮಾತು ತಿಳಕೊಂಡ್ರ ಎಲ್ಲಾರೂ ಯಾಕ ಸೋಲತಾರ ಅಂತ ತಿಳಿತೈತಿ: ಹಾವಿಗೆ ಔಷಧ ಒರಸಿ ಚುಕ್ಕಿ ಹೋದ್ವು ಅಂತ ಬಿಡ್ತಾರ, ತತ್ತಿ ಡಬ್ಬಿಯಾಗ ಹಂಗ ಇರ್ತಾವು, ಎರಡ ವಾರಕ್ಕ ಹೊಸ ಪೀಳಿಗಿ ಎದ್ದ ಬರತೈತಿ. ಈ ನುಸಿ ರಕ್ತ ಹೀರೋದಲ್ಲದ ಒಂದ ಹಾವಿಂದ ಇನ್ನೊಂದಕ್ಕ ಏರೋಮೋನಾಸ್ ಅನ್ನೋ ಬ್ಯಾಕ್ಟೀರಿಯಾನೂ ದಾಟಿಸಬಲ್ಲದು. ಹಗುರ ತಗೋಬ್ಯಾಡ್ರಿ.

ಕೆಲಸ ಹಿಂಗ ಮಾಡ್ರಿ. ಡಬ್ಬಿಯೊಳಗಿನ ಕಾಯರ್, ಮಾಸ್, ಎಲ್ಲಾ ಚೀಲದಾಗ ಕಟ್ಟಿ ಹೊರಗ ಹಾಕ್ರಿ, ಕಟಗಿ ಸುಟ್ಟ ಬಿಡ್ರಿ, ಅದರ ಸಂದಿ ತೊಳ್ಯಾಕ ಆಗಂಗಿಲ್ಲ. ಡಬ್ಬಿ ಕುದಿ ನೀರು ಸೋಪು ಹಾಕಿ ಮೂಲಿ ಮೂಲಿ ಬ್ರಶ್ ಮಾಡ್ರಿ, ಪೂರ್ತಿ ಒಣಗಿಸ್ರಿ, ಮತ್ತ ಬರೇ ಬಿಳಿ ಟಿಶ್ಯೂ ಹಾಸಿ, ದಿನಾ ಬದಲಿ ಮಾಡಬಹುದಾದ ಪೇಪರ್ ಡಬ್ಬಿ ಗೂಡಾಗಿ ಇಡ್ರಿ. ಡಬ್ಬಿ ಇಟ್ಟ ರ‍್ಯಾಕು, ಅದರ ಹಿಂದಿನ ಗ್ವಾಡಿ, ಅದೂ ಒರಸಬೇಕು. ಹಾವಿಗೆ ಬೆಚ್ಚಗಿನ ನೀರಿನ ಸ್ನಾನ ಮಾಡಿಸಿದ್ರ ಮೈಮ್ಯಾಲಿನವು ಭಾಳಷ್ಟು ಮುಳಗಿ ಸಾಯ್ತಾವು, ತಲಿ ಮ್ಯಾಲ ಓಡಿದವು ಉಳೀತಾವು, ಅದಕ್ಕ ಸ್ನಾನ ಒಂದ ಸಾಲಂಗಿಲ್ಲ. ಔಷಧ ಅಂದ್ರ ಫಿಪ್ರೋನಿಲ್ ಬಟ್ಟಿಗೆ ಹಾಕಿ ಒರಸೋದು ಅಥವಾ ಐವರ್ಮೆಕ್ಟಿನ್ ತೆಳು ಮಾಡಿ ಸ್ಪ್ರೇ ಮಾಡೋದು, ಎರಡೂ ಡಾಕ್ಟರ್ ಹೇಳಿದ ಅಳತಿಯೊಳಗ ಅಷ್ಟ. ನಾಯಿ ಉಣ್ಣಿಗೆ ತಂದ ಬಾಟ್ಲಿ ಮನಿಯಾಗ ಐತಿ ಅಂತ ಅಂದಾಜಿಲೆ ಹೊಡದ್ರ ಹಾವಿನ ನರ ಹಿಡಿತೈತಿ, ಮರಿ ಹಾವು ಸತ್ತ ಹೋಗತಾವು. ಅದೇ ಮನಿಯಾಗ ಆಮಿ ಇದ್ರ ಐವರ್ಮೆಕ್ಟಿನ್ ಸುತ್ತ ಎಲ್ಲೂ ಬರಬಾರದು, ಆಮಿಗೆ ಅದು ಪ್ರಾಣಕ್ಕ ಕುತ್ತು. ಔಷಧ ಹಚ್ಚಿದ ದಿನ ನೀರಿನ ಬಟ್ಟಲ ತಗೀರಿ, ಹಾವು ಅದರಾಗ ಮುಳಗಿ ಆ ನೀರ ಕುಡಿಯೋ ಹಂಗ ಆಗಬಾರದು, ಡಬ್ಬಿಗೆ ಹೊಡದಿದ್ರ ಪೂರ್ತಿ ಒಣಗಿ ವಾಸನಿ ಹೋದ ಮ್ಯಾಲನ ಹಾವು ಬಿಡ್ರಿ. ಕಡೀ ಚುಕ್ಕಿ ಕಂಡ ಮ್ಯಾಲೂ ಆರ ವಾರ ಟಿಶ್ಯೂ ಮ್ಯಾಲನ ಇಟ್ಟು ನೋಡ್ತಾ ಇರ್ರಿ.

ಇವು ಬರೋದು ಹೊಸ ಹಾವು, ಸೆಕೆಂಡ್ ಹ್ಯಾಂಡ್ ಟ್ಯಾಂಕ್, ಇನ್ನೊಬ್ರ ಮನಿ ಹಾವು ಎತ್ತಿ ಬಂದ ನಿಮ್ಮ ಅಂಗಿ ಕೈ. ಹೊಸ ಹಾವು ಬ್ಯಾರೆ ರೂಮಿನ್ಯಾಗ ಮೂರ ತಿಂಗಳ ಇಡ್ರಿ, ಹಳೇ ಹಾವಿನ ಕೆಲಸ ಮುಗಿಸಿ ಆಮ್ಯಾಲ ಹೊಸದ್ದರ ಹತ್ರ ಹೋಗ್ರಿ, ಉಲ್ಟಾ ಮಾಡಬ್ಯಾಡ್ರಿ. ಉಣ್ಣಿ ಅಂದ್ರ ದೊಡ್ಡದು, ಚಪ್ಪಟಿ, ಹುರುಪಿ ಸಂದಿಯೊಳಗ ತಲಿ ಹುಗದ ಕೂತಿರತೈತಿ, ಅದನ್ನ ಚಿಮಟಾದಿಂದ ಚರ್ಮಕ್ಕ ಹತ್ತಿ ಹಿಡದು ನೆಟ್ಟಗ ಎಳದು ಆ ಜಾಗಕ್ಕ ಅಯೋಡಿನ್ ಹಚ್ಚಿದ್ರ ಮುಗೀತು.

ಹೊಟ್ಟಿ ಕೆಂಪು, ಕಂದು, ಗುಳ್ಳಿ

ಇಲ್ಲಿ ನಾಕ ಬ್ಯಾರೆ ಬ್ಯಾರೆ ದೋಷ ಒಂದ ಥರ ಕಾಣ್ತಾವು, ಬಿಡಿಸಿ ನೋಡೋದ ಮುಖ್ಯ. ಒಂದ ಸಮ ತಿಳಿ ಗುಲಾಬಿ ಇದ್ದು, ಕಣ್ಣ ಮಸಕಾಗತೈತಿ ಅಂದ್ರ ಪೊರಿ, ಮ್ಯಾಲ ಹೇಳೀನಿ. ಹೊಟ್ಟಿ ಹುರುಪಿಯ ಅಂಚಿಗೆ ಅಲ್ಲಲ್ಲಿ ಕಂದು ಇಲ್ಲಾ ಕೆಂಪು ಬಂದು, ಹುರುಪಿ ಎದ್ದು, ಕೆಳಗ ಮೆತ್ತಗಾಗಿ ವಾಸನಿ ಬಂದ್ರ ಅದು ಸ್ಕೇಲ್ ರಾಟ್, ಹೊಲಸು ಹಸಿ ನೆಲದ ರೋಗ. ಒಂದ ಜಾಗದಾಗ ಅಷ್ಟ, ಹೀಟ್ ಮ್ಯಾಟಿನ ಆಕಾರಕ್ಕ ಇಲ್ಲಾ ಬಲ್ಬಿನ ಕೆಳಗ ಬರೋ ಬೆನ್ನಿಗೆ, ಅಂಚು ಸ್ಪಷ್ಟ ಇರೋ ಕೆಂಪು ಕಂಡ್ರ ಅದು ಸುಟ್ಟದ್ದು. ಹೊಟ್ಟಿ ತುಂಬ ಸಣ್ಣ ಸಣ್ಣ ರಕ್ತದ ಚುಕ್ಕಿ, ಹಾವು ಜೋಲಿ ಬಿದ್ದೈತಿ, ನಾಲಗಿ ಹೊರಗ ಹಾಕಂಗಿಲ್ಲ ಅಂದ್ರ ಸೋಂಕು ರಕ್ತಕ್ಕ ಹೋಗೈತಿ, ಮುಂದ ಓದೋದು ಬಿಟ್ಟು ಅದ ದಿನ ಡಾಕ್ಟರ್ ಹತ್ರ ಹೋಗ್ರಿ.

ಸ್ಕೇಲ್ ರಾಟ್ ಬೆಳಗಾವಿ ಕಡೆಯವ್ರಿಗೆ ಮಳಿಗಾಲದಾಗ ಹೆಚ್ಚು ಕಾಡತೈತಿ, ಆದ್ರ ವಿಜಯಪುರದಾಗೂ ಕಾಣತೈತಿ, ಅದಕ್ಕ ಕಾರಣ ಒಣ ಹವಾಕ್ಕ ಅಂಜಿ ಡಬ್ಬಿ ನೆಲ ನೀರಾಗ ತೋಯಿಸಿಡೋದು. ಹವಾದಾಗ ತೇವ ಬೇಕು, ನೆಲ ಹಸಿ ಇರಬಾರದು, ಇದು ನೆನಪಿಟ್ರ ಅರ್ಧ ಸ್ಕೇಲ್ ರಾಟ್ ಬರಂಗಿಲ್ಲ. ಗಾಳಿ ಆಡದ ಮುಚ್ಚಳ, ಒದ್ದಿ ಕೋಕೋಪೀಟ್, ಉಚ್ಚಿ ಹೊಲಸು ಅಲ್ಲೇ, ಡಬ್ಬಿ ತಂಪು, ಇವು ಕೂಡಿದಾಗ ಸೂಡೋಮೋನಾಸ್, ಏರೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಮೆತ್ತಗಾದ ಚರ್ಮದೊಳಗ ಇಳಿತಾವು. ಮೊದಲ ಹಂತದಾಗ ಬರೇ ತಿಳಿ ನೀರಿನ ಗುಳ್ಳಿ ಬರತಾವು, ಒಡಿಬ್ಯಾಡ್ರಿ, ಒಡದ್ರ ಅಲ್ಲಿಂದ ಸೋಂಕು ಒಳಗ ಹೋಗತೈತಿ.

ಹಾವನ್ನ ಬಿಳಿ ಟಿಶ್ಯೂ ಹಾಸಿದ ಡಬ್ಬಿಗೆ ಹಾಕ್ರಿ, ದಿನಕ್ಕ ಎರಡ ಸಲ ಬದಲಿ, ಹೊಲಸು ಮಾಡಿದ ತಕ್ಷಣ ಬದಲಿ. ನೀರಿನ ಬಟ್ಟಲ ಸಣ್ಣದು, ಮೈ ಮುಳಗದಂಥಾದ್ದು. ತೇವ 50ರ ಹತ್ರ. ಬಿಸಿ ಜಾಗ 32, ರಾತ್ರಿನೂ ಇಳಸಬ್ಯಾಡ್ರಿ, ಯಾಕಂದ್ರ ಹಾವಿನ ರೋಗ ನಿರೋಧಕ ಶಕ್ತಿ ಮೈ ಬಿಸಿ ಇದ್ದಾಗ ಅಷ್ಟ ಸರಿ ಕೆಲಸ ಮಾಡತೈತಿ. ಪೊವಿಡೋನ್ ಅಯೋಡಿನ್ 10 ಪರ್ಸೆಂಟ್ ಬಾಟ್ಲಿದು ಒಂದ ಭಾಗಕ್ಕ ಹತ್ತ ಭಾಗ ನೀರು ಬೆರಸಿ, ತೆಳು ಚಹಾದ ಬಣ್ಣ ಬಂದ್ರ ಸಾಕು, ಅದರಿಂದ ದಿನಕ್ಕ ಒಂದ ಸಲ ಆ ಜಾಗ ನೆನಸಿ ಹತ್ತ ನಿಮಿಷ ಬಿಟ್ಟು ಒರಸಿ ಒಣಗಿಸ್ರಿ. ತೆಳು ಕ್ಲೋರ್‌ಹೆಕ್ಸಿಡಿನ್ ಕೂಡ ನಡೀತೈತಿ, ಎರಡರಾಗ ಒಂದ ಬಳಸ್ರಿ. ಮ್ಯಾಲ ಸಿಲ್ವರ್ ಸಲ್ಫಾಡಯಾಜಿನ್ ಕ್ರೀಮ್ ತೆಳುವಾಗಿ. ಮೂರ ನಾಕ ದಿನದಾಗ ಬಣ್ಣ ಇಳಿಲಿಲ್ಲ, ಅಥವಾ ಹುರುಪಿ ಉದರಿ ಮಾಂಸ ಕಾಣಾಕತ್ತಿತು ಅಂದ್ರ ಇಂಜೆಕ್ಷನ್ ಬೇಕಾಗತೈತಿ, ಮನಿಯೊಳಗ ಮುಗ್ಯೋ ಮಾತಲ್ಲ. ವಾಸಿ ಆಗೋ ಹಾವು ಜಲ್ದಿ ಜಲ್ದಿ ಪೊರಿ ಬಿಡತೈತಿ, ಅದು ಚಲೋ ಲಕ್ಷಣ, ಕಲೆ ಹೋಗಾಕ ಎರಡ ಮೂರ ಪೊರಿ ಹಿಡಿತೈತಿ.

ಸುಟ್ಟ ಗಾಯ ಮೋಸ ಮಾಡತೈತಿ. ಹಾವಿಗೆ ಹೊಟ್ಟಿ ಕೆಳಗಿನ ಸುಡೋ ಬಿಸಿ ತಿಳಿದು ಎದ್ದ ಹೋಗೋದು ನಮ್ಮಂಗ ಆಗಂಗಿಲ್ಲ, ಬಿಸಿ ಕಲ್ಲಿನ ಮ್ಯಾಲ ಸುಡ್ತಾನೂ ಕೂತಿರತೈತಿ, ಗುರ್ತು ಕಾಣೋದು ಕೆಲವು ದಿನ ಆದ ಮ್ಯಾಲ. ಹೀಟ್ ಮ್ಯಾಟಿಗೆ ಥರ್ಮೋಸ್ಟಾಟ್ (ಬಿಸಿ ಹೆಚ್ಚಾದ್ರ ತಾನ ಬಂದ್ ಮಾಡೋ ಸಾಮಾನು) ಇಲ್ಲದ ಒಂದ ರಾತ್ರಿನೂ ಹಚ್ಚಬ್ಯಾಡ್ರಿ, ಅದರ ವಯರ್ ತುದಿ ಮ್ಯಾಟ್ ಮತ್ತ ಡಬ್ಬಿ ತಳದ ನಡುವ ಟೇಪ್ ಹಾಕಿ ಗಟ್ಟಿ ಕೂಡಸ್ರಿ, ತುದಿ ಜಾರಿ ಹೊರಗ ಬಂದ್ರ ಅದು ರೂಮಿನ ಥಂಡಿ ಓದಿ ಮ್ಯಾಟ್ ಬಂದ್ ಮಾಡದಂಗ ಏರಿಸ್ತನ ಹೋಗತೈತಿ. ಬಲ್ಬಿಗೆ ಜಾಳಿಗಿ ಹಾಕ್ರಿ. ಬಿಸಿ ಕಲ್ಲು ಅಂತ ಮಾರೋ ಸಾಮಾನು ತಗೊಳ್ಳೋದ ಬ್ಯಾಡ. ಸುಟ್ಟದ್ದು ಕಂಡ್ರ ತಂಪು ನೀರು, ಬರ್ಫ ಅಲ್ಲ, ಹತ್ತ ನಿಮಿಷ, ಆಮ್ಯಾಲ ಟಿಶ್ಯೂ ಡಬ್ಬಿ, ಆಮ್ಯಾಲ ಡಾಕ್ಟರ್.

ಗಂಟು, ಕಡಿತ

ಚರ್ಮದ ಕೆಳಗ ಗಟ್ಟಿ ಗಂಟು ಬಂದ್ರ ಹಿಚುಕಬ್ಯಾಡ್ರಿ. ಹಾವಿನ ಕೀವು ನೀರಾಗಿ ಹರಿಯಂಗಿಲ್ಲ, ಗಿಣ್ಣದಂಗ ಗಟ್ಟಿ ಆಗಿ ಕೂಡತೈತಿ, ಕೊಯ್ದ ತಗಿಯೋದ ದಾರಿ. ಇಲಿ ಕಡದ ಗಾಯ ಜೀವಂತ ಇಲಿ ಬಿಡೋರ ಮನಿಯೊಳಗ ಅಷ್ಟ ಕಾಣತೈತಿ, ಹಸಿವಿಲ್ಲದ ಹಾವಿನ ಜೋಡಿ ರಾತ್ರಿ ಪೂರ್ತಿ ಇಲಿ ಬಿಟ್ರ ಬೆನ್ನೆಲುಬು ಕಾಣೋತನಕ ಕಡಿತೈತಿ. ಫ್ರೀಜ್ ಮಾಡಿದ ಇಲಿ ಕರಗಿಸಿ ಬೆಚ್ಚಗ ಮಾಡಿ ಕೊಡ್ರಿ.

ಏನ ಹಚ್ಚಬಾರದು

ಬೇವಿನ ಎಣ್ಣಿ, ಕೊಬ್ಬರಿ ಎಣ್ಣಿ, ಅರಿಷಿಣ, ಮನಿ ಹಿರಿಯಾರು ಪ್ರೀತಿಲೆ ಹೇಳ್ತಾರ, ಆದ್ರ ಎಣ್ಣಿ ಹುರುಪಿ ಸಂದಿಯೊಳಗ ಕೂತು ಹೊಲಸು ಹಿಡಿತೈತಿ, ಅರಿಷಿಣ ಹಚ್ಚಿದ್ರ ಕೆಂಪು ಏರೇತೋ ಇಳಿದೇತೋ ನಿಮಗೂ ಕಾಣಂಗಿಲ್ಲ ಡಾಕ್ಟರಿಗೂ ಕಾಣಂಗಿಲ್ಲ. ಪಂಚಮಿಗೆ ಹಾವಾಡಿಗರ ನಾಗರಹಾವಿನ ಹೆಡಿಗೆ ಅರಿಷಿಣ ಕುಂಕುಮ ಹಾಕೋದೂ ಅದಕ್ಕ ಕಣ್ಣು ಚರ್ಮ ಎರಡಕ್ಕೂ ಹಿಂಸಿ, ಹಾವಿನ ಮ್ಯಾಲ ಭಕ್ತಿ ಇದ್ದವ್ರು ಅದನ್ನ ನಿಲ್ಲಿಸಬೇಕು. ಡೆಟಾಲ್, ಫಿನೈಲ್ ಡಬ್ಬಿ ತೊಳ್ಯಾಕೂ ಬ್ಯಾಡ, ಫೀನಾಲ್ ಜಾತಿಯ ರಾಸಾಯನಿಕ ಹಾವಿಗೆ ವಿಷ. ನುಸಿ ಗುಳಿಗಿ ಡಬ್ಬಿ ಹತ್ರನೂ ಬ್ಯಾಡ. ಮೆಡಿಕಲ್ ಶಾಪಿನ ತುರಿಕಿ ಕ್ರೀಮಿನ್ಯಾಗ ಸ್ಟೆರಾಯ್ಡ್ ಇರತೈತಿ, ಅದು ಸೋಂಕು ಕಡಿಮಿ ಮಾಡೋ ಬದಲಿ ಬೆಳಸತೈತಿ. ನೋವು ಮರಗಟ್ಟಿಸೋ ಔಷಧ ಬೆರಸಿದ ಮುಲಾಮೂ ಬ್ಯಾಡ.

ಡಾಕ್ಟರ್ ಹತ್ರ ಹೋಗೋದು

ನಮ್ಮ ಕಡೆ ದನ ಎಮ್ಮಿ ಕುರಿ ನೋಡೋ ಡಾಕ್ಟರ್ ಭಾಳ, ಹಾವು ನೋಡೋರು ಕಡಿಮಿ, ಅದಕ್ಕ ರೋಗ ಬಂದ ಮ್ಯಾಲ ಹುಡುಕೋದಲ್ಲ, ಈಗನ ಫೋನ್ ಮಾಡಿ ಯಾರು ನೋಡ್ತಾರ ಅಂತ ಕೇಳಿ ಬರದಿಟ್ಕೋರಿ. ಗದಗ, ಬೀದರಿನ್ಯಾಗ ವೆಟರ್ನರಿ ಕಾಲೇಜು ಅದಾವು, ಅಲ್ಲಿ ಕೇಳ್ರಿ, ಬೆಳಗಾವಿಯವ್ರು ಗೋವಾ ಪುಣೆ ಕಡೆನೂ ವಿಚಾರಿಸ್ರಿ.

ಕಾಗದ ಇಲ್ಲ ಅಂತ ಅಂಜಿ ಡಾಕ್ಟರ್ ಹತ್ರ ಹೋಗದ ಹಾವು ಸಾಯಿಸಬ್ಯಾಡ್ರಿ, ಅದಕ್ಕ ಕಾಗದ ಮೊದಲ ಸರಿ ಮಾಡ್ರಿ. ಬಾಲ್ ಪೈಥಾನ್ ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯೊಳಗ ಐತಿ, ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದ ಮ್ಯಾಲ, 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನ್ಯಾಗ ನೋಂದಣಿ ಆಗಿರಬೇಕು. ಹೊಲದಾಗ ಸಿಕ್ಕ ಕೇರೆ ಹಾವು, ಮಣ್ಣಮುಕ್ಕ ಹಾವು, ಹೆಬ್ಬಾವು, ಇವನ್ನ ಮನಿಯಾಗ ಇಡೋದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಗಾಯ ಆಗಿದ್ರೂ ನೀವ ಔಷಧ ಮಾಡಬ್ಯಾಡ್ರಿ, ಅರಣ್ಯ ಇಲಾಖೆಗೆ ತಿಳಸ್ರಿ.

ಹೋಗೋವಾಗ ಅಡಗಿ ಮನಿ ತಕ್ಕಡಿಯೊಳಗ ಹಾವಿನ ತೂಕ ಗ್ರಾಂ ಲೆಕ್ಕದಾಗ ಬರಕೊಂಡು ಹೋಗ್ರಿ, ಇಂಜೆಕ್ಷನ್ ಅಳತಿ ಅದರ ಮ್ಯಾಲ. ಬಿದ್ದ ಪೊರಿ ಇದ್ರ ಅದು, ಚುಕ್ಕಿ ಸಿಕ್ಕಿದ್ರ ಪಾರದರ್ಶಕ ಟೇಪಿಗೆ ಅಂಟಿಸಿ ಅದು, ಡಬ್ಬಿಯ ಫೋಟೋ, ಮೀಟರಿನ ಫೋಟೋ, ದಿನಾ ಒಂದ ಬೆಳಕಿನ್ಯಾಗ ತಗದ ಗಾಯದ ಫೋಟೋ. ಹಾವನ್ನ ಹೊಲಿಗಿ ಗಟ್ಟಿ ಇರೋ ದಿಂಬಿನ ಚೀಲದಾಗ ಹಾಕಿ ಬಾಯಿ ಗಂಟ ಕಟ್ಟಿ, ಆ ಚೀಲ ಗಾಳಿ ತೂತು ಇರೋ ಡಬ್ಬಿಯೊಳಗ ಇಟ್ಟು ಒಯ್ರಿ. ಹೋಗೋಕ್ಕಿಂತ ಮೊದಲ ಎರಡ ಮೂರ ದಿನ ಊಟ ಹಾಕಬ್ಯಾಡ್ರಿ, ದಾರಿಯೊಳಗ ಕಾರತೈತಿ. ಬ್ಯಾಸಗಿ ಇದ್ರ ಮುಂಜಾನಿ ಆರಕ್ಕ ಊರು ಬಿಡ್ರಿ, ಚಹಾಕ್ಕ ಇಳದಾಗ ಹಾವನ್ನ ನಿಂತ ಕಾರಿನ್ಯಾಗ ಬಿಟ್ಟ ಹೋಗಬ್ಯಾಡ್ರಿ, ಕೈಯಾಗ ಹಿಡಕೊಂಡನ ಇಳೀರಿ. ವಾಪಸ್ ಬಂದ ಮ್ಯಾಲ ಕೈ ಸೋಪು ಹಚ್ಚಿ ತೊಳಕೊಂಡು, ಡಾಕ್ಟರ್ ಏನ ಬರದಾರ ಅದನ್ನ ಮುಂದಿನ ತೂಕ, ಮುಂದಿನ ಪೊರಿಯ ತಾರೀಖಿನ ಜೋಡಿ ಒಂದ ವಹಿಯೊಳಗ ಬರೀಕೋತ ಹೋಗ್ರಿ.